ಕರೆ ಒಬ್ಬರಿಗೆ ಬರಬಹುದು, ತೀರ್ಮಾನ ಮನೆಯವರೆಲ್ಲರದು

ಪುಣೆಯಿಂದ ಮಾತಾಡ್ತಾ ಇದ್ದೇನೆ. ಕೆಲಸ ಬದಲಾಯಿಸೋದು, ಮನೆ ಸಾಲ, ಮಕ್ಕಳ ಕನ್ನಡ, ಊರಲ್ಲಿರೋ ಅಪ್ಪ-ಅಮ್ಮ, ಇಂಥ ವಿಷಯಗಳ ಮೇಲೆ ಇಲ್ಲಿ ಒಳ್ಳೊಳ್ಳೆ ಮಾತುಗಳು ಬಂದಿವೆ. ನನ್ನ ವಿಷಯವೂ ಕೆಲಸ ಬದಲಾಯಿಸೋದೇ. ಆದರೆ ಆಫರ್ ಲೆಟರ್ ಇಲ್ಲದ ಕೆಲಸ.

ನಾವು ಕ್ರೈಸ್ತರು. ಮೂಲ ಗದಗ-ಬೆಟಗೇರಿ, ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ. ನಾನೂ ನಮ್ಮ ಮನೆಯವರೂ ಐಟಿಯಲ್ಲೇ ಇದ್ದೇವೆ. ಮಗಳು ಒಂಬತ್ತನೇ ಕ್ಲಾಸು, ಜೊತೆಗೆ ಅತ್ತೆಯವರು. ಕಳೆದ ವರ್ಷ ನಮ್ಮ ಮನೆಯವರು, ಮಿಷನ್ ಸೇವೆಗೆ ದೇವರು ತಮ್ಮನ್ನು ಕರೀತಿದ್ದಾರೆ ಅನ್ನಿಸ್ತಿದೆ ಅಂತ ಹೇಳಿದರು. ಹೋಗಬೇಕು ಅಂದರೆ ತರಬೇತಿ ಬೇಕು. ಯಾವ ತರಬೇತಿ? ಅದನ್ನು ಆರಿಸುವಾಗ ದೇವರ ಚಿತ್ತ ತಿಳಿಯೋದು ಹೇಗೆ? ಇವತ್ತಿನ ಮಾತು ಅಷ್ಟೇ. ಕ್ರೈಸ್ತರಲ್ಲದ ಸ್ನೇಹಿತರೂ ಕೇಳ್ತಿದ್ದೀರಿ. ಮನೆಯಲ್ಲಿ ಒಬ್ಬರು ದೊಡ್ಡ ಹೆಜ್ಜೆ ಇಡಬೇಕು ಅಂದಾಗ ಉಳಿದವರು ಏನು ಮಾಡಬೇಕು ಅನ್ನೋ ಪ್ರಶ್ನೆ ನಿಮ್ಮದೂ ಹೌದು.

ಮೊದಲು, ನಮ್ಮ ಮುಂದೆ ಇದ್ದ ದಾರಿಗಳು. ಒಂದು, ಪೂರ್ತಿ ಸೆಮಿನರಿ ಓದು. ನಮ್ಮ ಪುಣೆಯ ಬಿಬ್ವೇವಾಡಿಯಲ್ಲೇ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ. 1953ರಲ್ಲಿ ಯವತ್ಮಾಳದಲ್ಲಿ ಶುರುವಾಗಿ 1983ರಲ್ಲಿ ಇಲ್ಲಿಗೆ ಬಂದದ್ದು. ಬೆಂಗಳೂರಲ್ಲಿ 1910ರಿಂದ ಯುನೈಟೆಡ್ ಥಿಯಲಾಜಿಕಲ್ ಕಾಲೇಜ್ ಇದೆ, ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಇದೆ. ಬಿ.ಡಿ. ಅಂದರೆ ಪದವೀಧರರಿಗೆ ಸಾಮಾನ್ಯವಾಗಿ ನಾಲ್ಕು ವರ್ಷ. ಎರಡು, ಮಿಷನ್ ಸಂಸ್ಥೆಗಳು ತಮ್ಮ ಸೇವಕರಿಗೆ ಕೊಡುವ ಕೆಲವು ತಿಂಗಳ ತರಬೇತಿ. ಮೂರು, ಕೆಲಸ ಬಿಡದೆ ಓದುವ ದಾರಿ. ಬೆಂಗಳೂರಿನ ಟ್ಯಾಫ್ಟೀ 1971ರಿಂದ ಇದನ್ನು ಮಾಡ್ತಾ ಇದೆ: ಪಾಠ ಮನೆಯಲ್ಲಿ ಓದೋದು, ಗುಂಪಿನಲ್ಲಿ ಕೂತು ಚರ್ಚೆ ಮಾಡೋದು. ನಾಲ್ಕು, ಬೈಬಲ್ ಅನುವಾದ, ಸಾಕ್ಷರತೆ ಕೆಲಸಕ್ಕೆ ಬೇಕಾದ ಭಾಷಾಶಾಸ್ತ್ರದ ಕೋರ್ಸು.

ನಾವು ಐಟಿಯವರು. ಎಕ್ಸೆಲ್ ಶೀಟ್ ತೆಗೆದ್ವಿ. ಫೀಸು, ಅವಧಿ, ಇ.ಎಂ.ಐ., ಮಗಳ ಸ್ಕೂಲು, ಎಲ್ಲಕ್ಕೂ ಕಾಲಮ್ಮು. ಶೀಟ್ ಉಪಯೋಗಕ್ಕೆ ಬರ್ತದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಯೇಸುವೇ ಲೂಕನ 14ನೇ ಅಧ್ಯಾಯದಲ್ಲಿ ಹೇಳ್ತಾರೆ. ಆದರೆ ಲೆಕ್ಕ ಹಾಕೋಕೆ ಮುಂಚೆ, ಕಟ್ಟಬೇಕಾದ್ದು ಗೋಪುರವೋ ಬಾವಿಯೋ ಅನ್ನೋದು ಗೊತ್ತಿರಬೇಕಲ್ಲ?

ನಮ್ಮ ಸಭಾಪಾಲಕರು ಶೀಟ್ ನೋಡಿ ಒಂದೇ ಮಾತು ಕೇಳಿದರು: "ಕಾಲೇಜು ಸರಿ, ಯಾವ ಕೆಲಸಕ್ಕೆ?" ಸಭೆ ನಡೆಸೋದಾ, ಮಕ್ಕಳಿಗೆ ಕಲಿಸೋದಾ, ಆಸ್ಪತ್ರೆ ಕೆಲಸವಾ, ಭಾಷೆಯ ಕೆಲಸವಾ? ಪ್ರತಿಯೊಂದಕ್ಕೂ ತರಬೇತಿ ಬೇರೆ. ಸಭಾಪಾಲಕರಾಗುವವರಿಗೆ ಅನೇಕ ಸಭೆಗಳಲ್ಲಿ ಬಿ.ಡಿ. ಕೇಳ್ತಾರೆ. ಬರಹವಿಲ್ಲದ ಒಂದು ಭಾಷೆಯ ಧ್ವನಿಗಳನ್ನು ಗುರುತಿಸಿ ಬರೆದಿಡುವವರಿಗೆ ಮೊದಲು ಬೇಕಾದ್ದು ಕಿವಿಯ ತರಬೇತಿ.

ಈಗ ದೇವರ ನಡೆಸುವಿಕೆಯ ವಿಷಯ. ನಮ್ಮಲ್ಲಿ ಬಹಳ ಜನ ಗುರುತು ಕೇಳ್ತಾರೆ. "ಈ ತಿಂಗಳೊಳಗೆ ಫ್ಲ್ಯಾಟ್ ಮಾರಾಟವಾದರೆ ಹೋಗಬೇಕು ಅಂತ ಅರ್ಥ" ಅನ್ನೋ ಥರ. ಗಿದ್ಯೋನ ಉಣ್ಣೆ ಇಟ್ಟು ಕೇಳಲಿಲ್ಲವಾ ಅಂತಾರೆ. ನ್ಯಾಯಸ್ಥಾಪಕರು 6ನೇ ಅಧ್ಯಾಯ ನಿಧಾನಕ್ಕೆ ಓದಿ. ಹೋಗು ಅನ್ನೋ ಮಾತು ಗಿದ್ಯೋನನಿಗೆ ಮೊದಲೇ ಬಂದಿತ್ತು. ಉಣ್ಣೆ ಇಟ್ಟದ್ದು ಅದರ ಮೇಲೆ, ಅವನ ಹೆದರಿಕೆಗೆ. ದೇವರು ಕರುಣೆಯಿಂದ ಉತ್ತರ ಕೊಟ್ಟರು. ಅಷ್ಟಕ್ಕೇ ಅದು ಎಲ್ಲರೂ ಅನುಸರಿಸಬೇಕಾದ ವಿಧಾನ ಆಗೋದಿಲ್ಲ.

ನನಗೆ ಹೆಚ್ಚು ದಾರಿ ತೋರಿಸಿದ್ದು ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ. ಪೌಲ ಮತ್ತು ಜೊತೆಯವರು ಆಸ್ಯ ಸೀಮೆಯಲ್ಲಿ ವಾಕ್ಯ ಹೇಳಬೇಕು ಅಂದುಕೊಳ್ತಾರೆ, ಆಗೋದಿಲ್ಲ. ಬಿಥೂನ್ಯಕ್ಕೆ ಹೋಗೋಣ ಅಂತ ನೋಡ್ತಾರೆ, ಅದೂ ಆಗೋದಿಲ್ಲ. ತ್ರೋವಕ್ಕೆ ಬಂದಾಗ ರಾತ್ರಿ ಪೌಲನಿಗೆ ಮಕೆದೋನ್ಯದವನೊಬ್ಬ ಸಹಾಯಕ್ಕೆ ಕರೆಯುವ ದರ್ಶನ ಆಗ್ತದೆ. ದರ್ಶನ ಕಂಡದ್ದು ಪೌಲ ಒಬ್ಬನೇ. ಆದರೆ ಮುಂದಿನ ವಾಕ್ಯದಲ್ಲಿ ತೀರ್ಮಾನಕ್ಕೆ ಬಂದವರು "ನಾವು". ಅಂದರೆ ಅವನು ಕಂಡದ್ದನ್ನು ಜೊತೆಯವರ ಮುಂದೆ ಇಟ್ಟ, ಎಲ್ಲರೂ ಸೇರಿ ಅದರ ಅರ್ಥ ತಿಳಿದುಕೊಂಡರು. 13ನೇ ಅಧ್ಯಾಯದಲ್ಲೂ ಹಾಗೇ. ಬಾರ್ನಬ ಮತ್ತು ಸೌಲರನ್ನು ಪ್ರತ್ಯೇಕಿಸಿ ಅನ್ನೋ ಮಾತು ಬಂದದ್ದು ಅಂತಿಯೋಕ್ಯದ ಸಭೆ ಉಪವಾಸದಲ್ಲಿದ್ದಾಗ. ಕಳಿಸಿದ್ದೂ ಆ ಸಭೆಯೇ.

ಇದನ್ನು ನಾನು ಒತ್ತಿ ಹೇಳೋದಕ್ಕೆ ಇತಿಹಾಸದಲ್ಲಿ ಕಾರಣ ಇದೆ. ವಿಲಿಯಂ ಕೇರಿ ಅವರ ಹೆಸರು ಕೇಳಿರ್ತೀರಿ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ತಾವೇ ಭಾಷೆಗಳನ್ನು ಕಲಿತವರು. 1793ರಲ್ಲಿ ಬಂಗಾಳಕ್ಕೆ ಬಂದರು. 1817ರಲ್ಲಿ ಸೆರಾಂಪೂರಿನಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು, 1818ರಲ್ಲಿ ಅಲ್ಲಿನ ಕಾಲೇಜು ಶುರುವಾಯಿತು. ನಾನು ಮೇಲೆ ಹೇಳಿದ ಬಿ.ಡಿ. ಪದವಿಯ ಬೇರು ಅಲ್ಲೇ ಇದೆ. ಅವರ ಹೆಂಡತಿ ಡೊರೊಥಿ ಮದುವೆಯ ರಿಜಿಸ್ಟರಿನಲ್ಲಿ ಸಹಿಯ ಬದಲು ಗುರುತು ಹಾಕಿದವರು. ಇಂಡಿಯಾಕ್ಕೆ ಹೊರಡೋಣ ಅಂದಾಗ ಆಕೆ ತುಂಬು ಗರ್ಭಿಣಿ, ಬರೋದಿಲ್ಲ ಅಂದರು. ಕೇರಿ ದೊಡ್ಡ ಮಗನನ್ನು ಮಾತ್ರ ಕರಕೊಂಡು ಹೊರಟೇಬಿಟ್ಟರು. ಪ್ರಯಾಣ ತಡವಾದ ಕಾರಣ ಮತ್ತೆ ಮನೆಗೆ ಬಂದು ಕೇಳಿದಾಗ, ತಂಗಿ ಜೊತೆಗೆ ಬಂದರೆ ಬರ್ತೀನಿ ಅಂತ ಆಕೆ ಒಪ್ಪಿಕೊಂಡರು. ಕೈಯಲ್ಲಿ ಎಳೆಗೂಸು, ಸಾಮಾನು ಕಟ್ಟೋಕೆ ಗಂಟೆಗಳ ಸಮಯ. 1794ರಲ್ಲಿ ಬಂಗಾಳದಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಡೊರೊಥಿಯವರ ಮನಸ್ಸು ಸ್ವಸ್ಥವಾಗಲೇ ಇಲ್ಲ. 1807ರಲ್ಲಿ ತೀರಿಕೊಂಡರು.

ಕೇರಿಯವರ ಕೆಲಸವನ್ನು ಸಣ್ಣದು ಮಾಡೋಕೆ ಇದನ್ನು ಹೇಳ್ತಿಲ್ಲ. ಕನ್ನಡದವರಾದ ನಾವೂ ಅವರಿಗೆ ಋಣಿಗಳು. ಆದರೆ ಕರೆ ಒಬ್ಬರಿಗೆ ಬಂದಾಗ ಖರ್ಚು ಯಾರ ಮೇಲೆ ಬೀಳ್ತದೆ ಅನ್ನೋದು ಅಲ್ಲಿ ಕಾಣ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿದ್ವಿ. ಶುಕ್ರವಾರ ರಾತ್ರಿ ಪ್ರಾರ್ಥನೆ ಆದಮೇಲೆ ಒಬ್ಬೊಬ್ಬರೂ ಮಾತಾಡಬೇಕು, ಹೆಚ್ಚು ಕಳಕೊಳ್ಳುವವರು ಮೊದಲು ಮಾತಾಡಬೇಕು, ಯಾರೂ ಆ ರಾತ್ರಿಯೇ ಉತ್ತರ ಕೊಡಬಾರದು.

ಮಗಳು ಹೇಳಿದಳು: "ಪಪ್ಪಾ, ದೇವರು ನಿಮ್ಮ ಹತ್ರ ಮಾತಾಡಿದ್ದು ಸರಿ. ನನ್ನ ಹತ್ರ ಯಾಕೆ ಇನ್ನೂ ಮಾತಾಡಿಲ್ಲ?" ಅತ್ತೆಯವರದು ಧಾರವಾಡದ ಮಾತು: "ಹೋಗೂದಾದ್ರ ಹೋಗ್ರಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ನನ್ನ ಬಿಪಿ ಗುಳಿಗಿ, ಶುಗರ್ ಗುಳಿಗಿ ಯಾರು ತಂದು ಕೊಡ್ತಾರ, ಅದನ್ನೂ ಪ್ರಾರ್ಥನಿಯೊಳಗ ಸೇರಿಸ್ಕೊಳ್ರಿ." ನನ್ನ ಮಾತು ಇದು: ಓದೋದು ಅವರು, ನಾನು ಜೊತೆಗೆ ಹೋಗೋದು ಅಂತಾದರೆ ಬೇಡ. ನನಗೂ ಒಂದು ಸೀಟು ಬೇಕು, ನನಗೂ ಒಂದು ಕೆಲಸ ಬೇಕು.

ನಮ್ಮ ಮನೆಯವರು ಕೇಳಿಕೊಂಡರು. ಅವರಿಗೆ ಸುಲಭ ಇರಲಿಲ್ಲ, ಅವರ ಮುಖ ನೋಡಿದರೆ ಗೊತ್ತಾಗ್ತಿತ್ತು.

ಸಭೆಯ ಹಿರಿಯರು ಒಂದು ತಿಂಗಳು ಪ್ರಾರ್ಥನೆ ಮಾಡಿ ಒಂದು ಸಲಹೆ ಕೊಟ್ಟರು. ಕೋರ್ಸಿಗೆ ಅರ್ಜಿ ಹಾಕೋಕೆ ಮುಂಚೆ ಎಲ್ಲರೂ ಹೋಗಿ ಕೆಲಸ ನೋಡಿ ಬನ್ನಿ. ಬೇಸಿಗೆ ರಜೆಯಲ್ಲಿ ಮೇಳಘಾಟ್‌ಗೆ ಹೋದ್ವಿ, ಅಮರಾವತಿ ಜಿಲ್ಲೆ, ಕೊರ್ಕು ಜನರ ಹಳ್ಳಿಗಳು. ಕೊರ್ಕು ಮುಂಡಾ ಗುಂಪಿನ ಭಾಷೆ, ಮರಾಠಿಗೂ ಹಿಂದಿಗೂ ಸಂಬಂಧ ಇಲ್ಲ. ಮನೆಯಲ್ಲಿ ಕೊರ್ಕು ಆಡುವ ಮಗು ಶಾಲೆಗೆ ಹೋದ ದಿನವೇ ಗೊತ್ತಿಲ್ಲದ ಭಾಷೆಯಲ್ಲಿ ಅಕ್ಷರ ಕಲೀಬೇಕು. ಅಲ್ಲಿ ಭಾಷೆಯ ಕೆಲಸ ಮಾಡುವ ಒಂದು ಸಣ್ಣ ತಂಡದ ಜೊತೆ 20 ದಿನ ಇದ್ವಿ. ಯಾರನ್ನೂ ಒತ್ತಾಯಿಸುವ ಕೆಲಸ ಅದಲ್ಲ. ಕಥೆ ಕೇಳೋದು, ಬರೆದುಕೊಳ್ಳೋದು, ಓದಿ ಹೇಳೋದು, ಅಜ್ಜಿಯೊಬ್ಬಳು "ಹೀಗಲ್ಲ" ಅಂದರೆ ತಿದ್ದೋದು.

ಅಲ್ಲಿ ಕೆಲವು ವಿಷಯ ಸ್ಪಷ್ಟವಾದವು. ತಂಡಕ್ಕೆ ಇನ್ನೊಬ್ಬ ಪ್ರಸಂಗಿ ಬೇಕಿರಲಿಲ್ಲ. ಧ್ವನಿಗಳನ್ನು ಸರಿಯಾಗಿ ಕೇಳಿ ಬರೆಯುವವರು, ರೆಕಾರ್ಡಿಂಗ್, ಪದಗಳ ಡೇಟಾ ಜೋಡಿಸಿ ಇಡುವವರು ಬೇಕಿತ್ತು. ಡೇಟಾದ ಕೆಲಸ ನಮ್ಮ ಮನೆಯವರಿಗೆ ನೀರು ಕುಡಿದಷ್ಟು ಸುಲಭ. ಧ್ವನಿಯ ಕೆಲಸಕ್ಕೆ ಕೂತು ಕಲೀಬೇಕು. ಮಕ್ಕಳ ಓದಿನ ಪುಸ್ತಕ ಮಾಡುವ ಕಡೆ ನನ್ನ ಮನಸ್ಸು ಹೋಯ್ತು. ಮಗಳು ಅಲ್ಲಿಯ ಹುಡುಗಿಯರ ಹತ್ತಿರ ಎಣಿಸೋದು ಕಲಿತು ಬಂದಳು. ಆದರೂ "ಹತ್ತನೇ ಕ್ಲಾಸು ಪುಣೆಯಲ್ಲೇ ಮುಗಿಸ್ತೀನಿ" ಅಂದಳು. ಅವಳ ಆ ಮಾತನ್ನೂ ನಾವು ದಾರಿ ತೋರಿಸುವ ಮಾತು ಅಂತಲೇ ತಗೊಂಡ್ವಿ.

ಭಾಷೆ ಕಲಿಯೋದು ತರಬೇತಿಯ ಮುಂಚಿನ ತಯಾರಿ ಅಂತ ಕೆಲವರು ಅಂದುಕೊಳ್ತಾರೆ. ಅದೇ ತರಬೇತಿ. ಕಿಟ್ಟೆಲ್ ಅವರು 1853ರಲ್ಲಿ ನಮ್ಮ ನಾಡಿಗೆ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಯಾವ ಕೋರ್ಸಿನ ಬ್ರೋಷರಿನಲ್ಲೂ ಅಷ್ಟು ಅವಧಿ ಬರೆದಿರೋದಿಲ್ಲ.

ಈಗ ನಮ್ಮ ತೀರ್ಮಾನ. ಮಗಳ ಹತ್ತನೇ ಕ್ಲಾಸು ಮುಗಿಯುವವರೆಗೆ ಪುಣೆಯಲ್ಲೇ ಇರ್ತೀವಿ. ಅಲ್ಲಿವರೆಗೆ ನಾವಿಬ್ಬರೂ ಮನೆಯಲ್ಲೇ ದೈವಶಾಸ್ತ್ರದ ಪಾಠ ಓದ್ತೀವಿ, ಶನಿವಾರ ಗುಂಪಿನ ಜೊತೆ ಕೂತು ಚರ್ಚೆ. ಆಮೇಲೆ ಭಾಷಾಶಾಸ್ತ್ರದ ಕೋರ್ಸಿಗೆ ಇಬ್ಬರೂ ಅರ್ಜಿ ಹಾಕ್ತೀವಿ. ಒಬ್ಬರಿಗೆ ಮಾತ್ರ ಸೀಟು ಸಿಕ್ಕರೆ ಮತ್ತೆ ಶುಕ್ರವಾರ ರಾತ್ರಿ ಕೂರ್ತೀವಿ. ಬಿ.ಡಿ. ಸದ್ಯಕ್ಕೆ ಇಲ್ಲ. ಅತ್ತೆಯವರು ಬೆಟಗೇರಿಯಲ್ಲಿ ನನ್ನ ಮೈದುನನ ಮನೆಯಲ್ಲಿ ಇರ್ತಾರೆ. ಅವರು ಒಪ್ಪಿದ್ದು ಹೀಗೆ: "ಕೇಳಿದ್ದಕ್ಕ ಒಪ್ಪಿದೆ. ಬರೇ ಹೇಳಿದ್ರ ಒಪ್ಪತಿದ್ದಿಲ್ಲ."

ಇದೇ ದೇವರ ಚಿತ್ತ ಅಂತ ನಿಮಗೆ ಎಷ್ಟು ಖಾತ್ರಿ ಅಂತ ಕೇಳ್ತೀರಿ. ಆಕಾಶದಿಂದ ಧ್ವನಿ ಬಂದಿಲ್ಲ. ವಾಕ್ಯ ಓದಿದ್ವಿ, ಸಭೆ ಪ್ರಾರ್ಥನೆ ಮಾಡ್ತು, ಕೆಲಸವನ್ನು ಕಣ್ಣಾರೆ ಕಂಡ್ವಿ, ಮನೆಯ ನಾಲ್ಕೂ ಜನ "ನಾವು" ಅಂತ ಹೇಳುವ ಜಾಗಕ್ಕೆ ಬಂದ್ವಿ. ಬಾಗಿಲು ಮುಚ್ಚಿದರೆ ನಿಂತು ಕೇಳ್ತೀವಿ. ಪೌಲನಿಗೂ ಮಕೆದೋನ್ಯಕ್ಕೆ ಮುಂಚೆ ಎರಡು ದಾರಿ ಮುಚ್ಚಿತ್ತಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಯೋಚನೆಯಲ್ಲಿ ಇದ್ದರೆ ಒಂದು ಕೆಲಸ ಮಾಡಿ. ಈ ವಾರ ಕಾಲೇಜುಗಳ ವೆಬ್‌ಸೈಟ್ ಪಕ್ಕಕ್ಕಿಡಿ. ನಿಮ್ಮ ಮನೆಯಲ್ಲಿ ಈ ಹೆಜ್ಜೆಯಿಂದ ಅತಿ ಹೆಚ್ಚು ಕಳಕೊಳ್ಳುವವರು ಯಾರು ಅಂತ ನೋಡಿ, ಅವರ ಪಕ್ಕ ಕೂತು ಕೇಳಿ. ಉತ್ತರ ಕೊಡಬೇಡಿ, ಕೇಳಿ ಅಷ್ಟೇ. ಆಮೇಲೆ ಇಬ್ಬರೂ ಸೇರಿ ಪ್ರಾರ್ಥನೆ ಮಾಡಿ.

ದೇವರು ನಿಮ್ಮ ಮನೆಗಳನ್ನು ಕಾಯಲಿ.