ಪೊರಕೆಯೇರಿ ಬಂದ ಅಂಚೆ ಕಾರ್ಡು

ಹಳೆಯ ಚಿತ್ರಕಾರ್ಡುಗಳನ್ನು ಕೂಡಿಡುವ ಹವ್ಯಾಸಕ್ಕೆ ಡೆಲ್ಟಿಯಾಲಜಿ ಎಂಬ ಭಾರವಾದ ಹೆಸರಿದೆ. ಹೆಸರು ಭಾರ, ವಸ್ತು ಮಾತ್ರ ಅಂಗೈಯಗಲದ ರಟ್ಟು. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲ ಅಂಚೆ ಕಾರ್ಡು ಹೊರಬಿತ್ತು. ಹತ್ತೇ ವರ್ಷಕ್ಕೆ, 1879ರಲ್ಲಿ, ಕಾಲಾಣೆಯ ಕಾರ್ಡಾಗಿ ನಮ್ಮ ದೇಶಕ್ಕೂ ಬಂತು. ಕಾರ್ಡಿನ ಮೇಲೆ ಬೆಟ್ಟ, ಬಂಡೆ, ಮಾಟಗಾತಿಯರನ್ನು ಅಚ್ಚುಹಾಕಿ ಮಾರುವ ಕಸುಬು ಹುಲುಸಾಗಿ ಬೆಳೆದದ್ದು ಜರ್ಮನಿಯಲ್ಲಿ. ಇಂಥ ಕಾರ್ಡು ಜಾನಪದದ ದಾಖಲೆಯೋ, ಬರೀ ವ್ಯಾಪಾರದ ಸರಕೋ? ಅಲ್ಲಿಯ ಒಂದೇ ಬೆಟ್ಟವನ್ನು ಮುಂದಿಟ್ಟುಕೊಂಡು ನೋಡೋಣ.

ಹಾರ್ಟ್ಸ್ ಸಾಲಿನ ಬ್ರೋಕೆನ್ ಶಿಖರ 1,141 ಮೀಟರ್ ಎತ್ತರ, ವರ್ಷದ ಬಹುಪಾಲು ಮಂಜಿನ ಮುಸುಕು. ಸೂರ್ಯ ಬೆನ್ನಿಗಿದ್ದಾಗ ನೋಡುವವನ ನೆರಳೇ ಎದುರಿನ ಮಂಜಿನ ಮೇಲೆ ದೈತ್ಯನಂತೆ ಬೀಳುತ್ತದೆ. ಅದಕ್ಕೆ ಬ್ರೋಕೆನ್ ಭೂತವೆಂದೇ ಹೆಸರು. ಏಪ್ರಿಲ್ 30ರ ವಾಲ್‌ಪುರ್ಗಿಸ್ ರಾತ್ರಿ ಮಾಟಗಾತಿಯರು ಪೊರಕೆಯೇರಿ ಇಲ್ಲಿ ನೆರೆಯುತ್ತಾರೆಂಬ ನಂಬಿಕೆಯನ್ನು ಯೊಹಾನೆಸ್ ಪ್ರಿಟೋರಿಯಸ್ 1668ರಲ್ಲಿ ಪುಸ್ತಕಕ್ಕಿಳಿಸಿದ. 1777ರ ಡಿಸೆಂಬರ್ ಚಳಿಯಲ್ಲಿ ಬೆಟ್ಟ ಹತ್ತಿದ ಕವಿ ಗಯಟೆ, 1808ರ ‘ಫೌಸ್ಟ್’ ನಾಟಕದ ಮೊದಲ ಭಾಗದಲ್ಲಿ ಆ ರಾತ್ರಿಯನ್ನು ಚಿತ್ರಿಸಿದ. 1899ರಲ್ಲಿ ಹೊಗೆಬಂಡಿ ಶಿಖರ ಮುಟ್ಟಿತು. ಕಥೆಗೆ ಕೇಳುಗರು ಮೊದಲೇ ಇದ್ದರು. ಈಗ ಗಿರಾಕಿಗಳೂ ಸಿಕ್ಕರು. ಬ್ರೋಕೆನ್‌ನಿಂದ ಶುಭಾಶಯ ಎಂಬ ಒಕ್ಕಣೆಯ, ನಗುವ ಮಾಟಗಾತಿಯರ ಕಾರ್ಡುಗಳು ಊರೂರಿಗೆ ಹಾರಿದವು.

ಪುಸ್ತಕದಿಂದ, ನಾಟಕದಿಂದ, ಅಂಗಡಿಯಿಂದ ಬಂದದ್ದು ಜಾನಪದ ಹೇಗಾದೀತು ಎಂಬ ಆಕ್ಷೇಪವಿದೆ. ಆದರೆ ಬಾಯಿಂದ ಬಾಯಿಗೆ ಬಂದ ಕಥೆಗೆ ತಾರೀಖಿಲ್ಲ, ಕಾರ್ಡಿಗೆ ಉಂಟು. ಅಂಚೆಯ ಮೊಹರು ಅಳಿಸಿದ್ದರೂ ಕಾಲ ಹೇಳಬಹುದು. ಜರ್ಮನಿಯಲ್ಲಿ 1905ರವರೆಗೆ ಕಾರ್ಡಿನ ಒಂದು ಮಗ್ಗುಲು ವಿಳಾಸಕ್ಕೇ ಮೀಸಲು. ಒಕ್ಕಣೆಯನ್ನು ಚಿತ್ರದ ಸುತ್ತಲೇ ಗೀಚಬೇಕಿತ್ತು. ಆಮೇಲೆ ಹಿಂಬದಿಯನ್ನು ಎರಡು ಪಾಲು ಮಾಡಿದರು, ಚಿತ್ರ ಮುಂಬದಿಯನ್ನು ಪೂರ್ತಿ ಆವರಿಸಿತು. ಒಂದು ನಂಬಿಕೆ ಯಾವ ಕಾಲದಲ್ಲಿ ಯಾವ ವೇಷ ತೊಟ್ಟಿತ್ತು ಎಂಬುದಕ್ಕೆ ಇಷ್ಟು ಖಚಿತ ಸಾಕ್ಷಿ ಅಪರೂಪ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಮಾಟದ ಆರೋಪ ಹೊರಿಸಿ ಯೂರೋಪಿನಲ್ಲಿ ಸುಮಾರು 40ರಿಂದ 60 ಸಾವಿರ ಜನರನ್ನು ಕೊಂದರು, ಹೆಚ್ಚಿನವರು ಹೆಂಗಸರು. ಆ ಸಂಕಟವನ್ನು ತಮಾಷೆ ಮಾಡಿದ ಚಿತ್ರವನ್ನು ಜೋಪಾನ ಮಾಡುವುದೇ? ಮಾಡಬೇಕು, ಮೆಚ್ಚಿ ಅಲ್ಲ. ಚಿತೆಗೆ ನೂಕಿದ ಭಯವೇ ಕೆಲವು ತಲೆಮಾರು ಕಳೆದ ಮೇಲೆ ಆಟಿಕೆಯಾಯಿತು. ಪೊರಕೆಯ ಪಕ್ಕದಲ್ಲೇ ಜನ ಕ್ಷೇಮಸಮಾಚಾರ ಬರೆದರು. ಕಾರ್ಡನ್ನು ಎಸೆದರೆ ಆ ಮರೆವಿನ ಪುರಾವೆಯೂ ಹೋಗುತ್ತದೆ. ಅಂದಕ್ಕಷ್ಟೇ ಕೂಡಿಡುವವರು ಕಳೆದುಕೊಳ್ಳುವುದು ಇದನ್ನೇ.

ಅಚ್ಚಾದ ದಿನಕ್ಕೆ ಕಾರ್ಡಿನ ಅರ್ಥ ಮುಗಿಯುವುದೂ ಇಲ್ಲ. 1961ರಿಂದ 1989ರವರೆಗೆ ಪೂರ್ವ ಜರ್ಮನಿಯ ಗಡಿಯಲ್ಲಿದ್ದ ಬ್ರೋಕೆನ್ ಸೇನೆಯ ನಿಷಿದ್ಧ ವಲಯವಾಗಿತ್ತು, ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಶಿಖರಕ್ಕೆ ಬನ್ನಿ ಎಂದು ಕರೆಯಲು ಅಚ್ಚಾದ ಹಳೆಯ ಕಾರ್ಡು ಆ 28 ವರ್ಷ, ಹೋಗಲಾಗದ ಶಿಖರದ ನೆನಪಾಯಿತು. ಮಾಟಗಾತಿ ಮಾತ್ರ ಅದೇ ನಗುವಿನಲ್ಲಿ, ಯಾವ ಕಾವಲಿಗೂ ಸಿಗದೆ, ಗಡಿಯ ಮೇಲೆ ಹಾರುತ್ತಲೇ ಇದ್ದಳು.