ಮಾಂಗಾ ಲೋಕದ ಕವಿಸಮಯಗಳು



ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರು, ಉಪನ್ಯಾಸದ ವಿಷಯ ಕಥನಕಲೆಗೆ ಸಂಬಂಧಿಸಿದ್ದಾಗಿರಬೇಕೆಂಬ ಒಂದೇ ನಿಬಂಧನೆಯನ್ನು ಇರಿಸಿರುವುದರಿಂದ, ಮಾಂಗಾ ಎಂಬ ಜಪಾನಿನ ಚಿತ್ರಕಥೆಗಳನ್ನೂ ಅನಿಮೆ ಎಂಬ ಅಲ್ಲಿಯ ಚಲಿಸುವ ಚಿತ್ರಗಳನ್ನೂ ಕುರಿತು ಮಾತನಾಡಲು ಧೈರ್ಯಮಾಡಿದ್ದೇನೆ. ಇವು ಮಕ್ಕಳ ವಿನೋದಕ್ಕಾಗಿ ಬರೆದ ಚಿತ್ರಗಳು, ವಿದ್ವತ್ಸಭೆಯಲ್ಲಿ ಚರ್ಚೆಗೆ ತಕ್ಕವಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲವಾದುದರಿಂದ ಧೈರ್ಯವೆಂಬ ಮಾತನ್ನು ಬಳಸಿದೆ. ಆದರೆ ಕೆಲವು ವರ್ಷಗಳಿಂದ ಕಥಾಸ್ಪರ್ಧೆಗಳಿಗೆ ಬರುವ ತರುಣರ ಹಸ್ತಪ್ರತಿಗಳನ್ನು ಓದುವ ಹೊಣೆ ನನ್ನ ಪಾಲಿಗೆ ಬಂದಿದೆ. ಅವುಗಳಲ್ಲಿ ಒಂದು ಕಥೆ ಮನಸ್ಸಿನಲ್ಲಿ ನಿಂತಿದೆ. ನಮ್ಮ ಬಯಲುಸೀಮೆಯ ಊರೊಂದರ ಶಾಲೆಗೆ ವರ್ಷದ ಮೊದಲ ದಿನ ಹೊಸ ಹುಡುಗಿಯೊಬ್ಬಳು ಬರುತ್ತಾಳೆ; ಗೇಟಿನ ಬಳಿ ಅವಳ ಕೂದಲ ಮೇಲೆ ನಸುಗೆಂಪು ಎಸಳುಗಳು ಮಳೆಯಂತೆ ಉದುರುತ್ತವೆ. ಬರೆದವಳು ಕಾಲೇಜಿನ ವಿದ್ಯಾರ್ಥಿನಿ. ಭಾಷೆ ಸೊಗಸಾಗಿತ್ತು, ಕಣ್ಣು ಚುರುಕಾಗಿತ್ತು. ಆ ಹೂವು ಅಲ್ಲಿಗೆ ಎಲ್ಲಿಂದ ಬಂದಿತೆಂಬ ಪ್ರಶ್ನೆ ಮಾತ್ರ ನನ್ನನ್ನು ಬಹುದಿನ ಬಿಡಲಿಲ್ಲ.

ರೂಢಿಯಾದ ಕಲ್ಪನೆಗಳನ್ನು ಬಳಸುವುದೇ ದೋಷವೆಂದು ನಾನು ಹೇಳಹೊರಟಿಲ್ಲ. ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ, ಹಂಸವು ಹಾಲನ್ನು ನೀರಿನಿಂದ ಬೇರ್ಪಡಿಸುತ್ತದೆ, ಸುಂದರಿಯ ಪಾದತಾಡನದಿಂದ ಅಶೋಕವು ಹೂಬಿಡುತ್ತದೆ ಎಂದು ಸಾವಿರ ವರ್ಷ ಬರೆದುಕೊಂಡು ಬಂದವರ ಮಕ್ಕಳು ನಾವು. ಇವುಗಳನ್ನು ಕವಿಸಮಯವೆಂದು ಕರೆದು, ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಸವಿಸ್ತಾರವಾಗಿ ವಿವೇಚಿಸಿದ್ದಾನೆ. ಮಾಂಗಾದಲ್ಲಿಯೂ ಇಂಥ ಸಮಯಗಳು ಹೇರಳವಾಗಿವೆ. ಹಣೆಯ ಮೇಲೆ ಉಬ್ಬಿದ ನರದ ಗುರುತು ಕೋಪ. ಕೆನ್ನೆಯ ಪಕ್ಕದ ಒಂದು ದೊಡ್ಡ ಬೆವರಹನಿ ಪೇಚು. ಮೂಗಿನಿಂದ ಚಿಮ್ಮುವ ನೆತ್ತರು ಹುಡುಗನ ಶೃಂಗಾರವಿಕಾರ. ಮೊದಲು ಸಿಡುಕಿ, ಒಳಗೊಳಗೆ ಒಲಿದಿರುವ ನಾಯಿಕೆಗೆ ಅಲ್ಲಿಯ ಓದುಗರು ತ್ಸುಂದೆರೆ ಎಂದು ಹೆಸರಿಟ್ಟಿದ್ದಾರೆ. ಅಷ್ಟನಾಯಿಕೆಯರನ್ನು ವಿಂಗಡಿಸಿದ ನಮ್ಮ ಆಲಂಕಾರಿಕರಿಗೆ ಈ ವರ್ಗೀಕರಣ ಪರಕೀಯವೆನಿಸುತ್ತಿರಲಿಲ್ಲ.

ಜಪಾನಿನ ಕಬುಕಿ ನಾಟಕಕಾರರಲ್ಲಿ ರೂಢಿಯಾದುದಕ್ಕೂ ಹೊಸದಾಗಿ ತರುವುದಕ್ಕೂ ಎರಡು ಪಾರಿಭಾಷಿಕ ಪದಗಳಿವೆ: ಸೆಕಾಯ್ ಎಂದರೆ ಪ್ರೇಕ್ಷಕರಿಗೆ ಮೊದಲೇ ತಿಳಿದ ಕಥಾಲೋಕ, ಶುಕೋ ಎಂದರೆ ಆ ಲೋಕದೊಳಗೆ ಕವಿ ತರುವ ಹೊಸ ಹೊಳಹು. 1748ರಲ್ಲಿ ಬೊಂಬೆಯಾಟಕ್ಕಾಗಿ ರಚಿತವಾಗಿ ಅನಂತರ ಕಬುಕಿಗೂ ಬಂದ ಚೂಶಿನ್‌ಗುರಾ, ಆ ಶತಮಾನದ ಆದಿಯಲ್ಲಿ ನಿಜವಾಗಿ ನಡೆದ ಸಮುರಾಯ್‌ಗಳ ಪ್ರತೀಕಾರವನ್ನು ಹದಿನಾಲ್ಕನೆಯ ಶತಮಾನದ ವೀರಕಥೆಯ ಲೋಕದಲ್ಲಿ ಇರಿಸಿತು. ಪಂಪನು 941ರ ಸುಮಾರಿಗೆ ಮಹಾಭಾರತದ ಲೋಕವನ್ನು ಹಾಗೆಯೇ ಉಳಿಸಿಕೊಂಡು, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡು, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನಷ್ಟೆ. ಆ ಬದಲಾವಣೆಗೆ ಅವನಲ್ಲಿ ಕಾರಣವಿತ್ತು. ಕಾರಣವೆಂಬ ಈ ಮಾತಿನ ಮೇಲೆಯೇ ನನ್ನ ವಾದವೆಲ್ಲ ನಿಂತಿದೆ. ಮಾಂಗಾದ ಪ್ರತಿಯೊಂದು ರೂಢಿಯೂ ಯಾವುದೋ ಒಂದು ಅಗತ್ಯದಿಂದ ಹುಟ್ಟಿದೆ. ಅಗತ್ಯವನ್ನು ಅರಿಯದೆ ರೂಪವನ್ನು ಮಾತ್ರ ಎತ್ತಿಕೊಂಡು ಬಂದವನ ಕೈಗೆ ಸಿಕ್ಕುವುದು ಬರಿಯ ಸಿಪ್ಪೆ.

ಆ ನಸುಗೆಂಪು ಹೂವಿನಿಂದಲೇ ಮೊದಲುಮಾಡೋಣ. ಜಪಾನಿನಲ್ಲಿ ಶಾಲಾವರ್ಷ ತೊಡಗುವುದು ಏಪ್ರಿಲ್ ತಿಂಗಳಲ್ಲಿ. ತೋಕಿಯೋ ಸುತ್ತಮುತ್ತ ಸಕುರಾ ಎಂಬ ಆ ಹೂವು ಅರಳುವುದು ಮಾರ್ಚಿನ ಕೊನೆಯಲ್ಲಿ. ಅರಳಿದ ಹೂವು ಹೆಚ್ಚು ದಿನ ನಿಲ್ಲದು. ಹೊಸ ಸಮವಸ್ತ್ರ ತೊಟ್ಟ ಮಗು ತಾಯಿಯೊಡನೆ ಗೇಟನ್ನು ದಾಟುವ ಹೊತ್ತಿಗೆ ಎಸಳುಗಳು ಉದುರುತ್ತಿರುತ್ತವೆ. ಆರಂಭವೂ ಅಗಲಿಕೆಯೂ ಒಂದೇ ಮರದ ಕೆಳಗೆ ಕೂಡುವ ಈ ದೃಶ್ಯವನ್ನು ಅಲ್ಲಿಯ ಲೇಖಕನು ಕಲ್ಪಿಸಬೇಕಾಗಿಲ್ಲ, ನೆನೆದರೆ ಸಾಕು.

ಇನ್ನು ಕೆಲವು ರೂಢಿಗಳು ಬಡತನದ ಮಕ್ಕಳು. ವೈದ್ಯವಿದ್ಯೆ ಕಲಿತು ಚಿತ್ರಕಾರನಾದ ಒಸಾಮು ತೆಜುಕಾ 1963ರ ಜನವರಿ 1ರಂದು ತನ್ನ ತೆತ್ಸುವಾನ್ ಆಟಮ್ ಕಥೆಯನ್ನು ದೂರದರ್ಶನಕ್ಕೆ ತಂದಾಗ, ವಾರಕ್ಕೊಂದು ಅರ್ಧಗಂಟೆಯ ಕಂತನ್ನು ಅಲ್ಪ ಹಣದಲ್ಲಿ ಸಿದ್ಧಪಡಿಸಬೇಕಾಗಿತ್ತು. ಆದುದರಿಂದ ಚಿತ್ರಗಳನ್ನು ಮಿತಗೊಳಿಸಿದರು, ಒಮ್ಮೆ ಬರೆದುದನ್ನು ಮತ್ತೆ ಮತ್ತೆ ಬಳಸಿದರು, ಮುಖವನ್ನು ಅಲುಗಿಸದೆ ತುಟಿಯನ್ನಷ್ಟೇ ಆಡಿಸಿದರು. ನಾಯಕನು ಸ್ತಬ್ಧನಾಗಿ ನಿಂತು ಮನಸ್ಸಿನಲ್ಲಿಯೇ ದೀರ್ಘವಾಗಿ ಮಾತನಾಡಿಕೊಳ್ಳುವ ರೀತಿಗೆ ಇಂಥ ಮಿತವ್ಯಯ ಒತ್ತಾಸೆಯಾಯಿತು. 1991ರಲ್ಲಿ ಡ್ರ್ಯಾಗನ್ ಬಾಲ್ ಕಥೆಯ ಗೋಕು ಕೋಪೋದ್ರೇಕದಲ್ಲಿ ಹೊಸ ರೂಪ ತಾಳಿದಾಗ ಅವನ ಕರಿಯ ಕೂದಲು ಬಣ್ಣಗೆಟ್ಟು ಬೆಳಗಿತಷ್ಟೆ. ಪ್ರತಿವಾರವೂ ಆ ಕೂದಲಿಗೆ ಮಸಿ ತುಂಬುವ ಸಹಾಯಕನ ಶ್ರಮವನ್ನು ತಪ್ಪಿಸುವುದೂ ಅದಕ್ಕೆ ಒಂದು ಕಾರಣವಾಗಿತ್ತೆಂದು ಅದರ ಕರ್ತೃ ಅಕಿರಾ ತೊರಿಯಾಮಾ ತಾವೇ ಹೇಳಿದ್ದಾರೆ. ಕಾಗದದ ಮೇಲೆ ಮಸಿಯಿಲ್ಲದ ಬಿಳುಪು ಅನಿಮೆಯಲ್ಲಿ ಹೊಂಬಣ್ಣವಾಯಿತು; ಆಮೇಲೆ ಅನೇಕರು ತಮ್ಮ ನಾಯಕರ ಕೂದಲಿಗೆ ಹೊನ್ನನ್ನು ಬಳಿದರು. ಅದೇ ಕಥೆ ಪ್ರಕಟವಾಗುತ್ತಿದ್ದ, 1968ರಲ್ಲಿ ಆರಂಭವಾದ ಶೋನೆನ್ ಜಂಪ್ ಪತ್ರಿಕೆ, ಓದುಗರು ಕಳಿಸುವ ಅಂಚೆಕಾರ್ಡುಗಳ ಮತದಿಂದ ಯಾವ ಕಥೆ ಉಳಿಯಬೇಕು, ಯಾವುದು ನಿಲ್ಲಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುತ್ತಿತ್ತು. ವಾರವಾರವೂ ಹೊಸ ಎದುರಾಳಿ, ಹೊಸ ಪಂದ್ಯ, ಹೊಸ ಶಕ್ತಿ ಏಕೆ ಬೇಕಾದುವೆಂಬುದು ಇಷ್ಟರಿಂದಲೇ ವಿದಿತವಾದೀತು. ಒಮ್ಮೆಗೆ ಮುಗಿಯುವ ಸಣ್ಣಕಥೆಗೆ ಈ ಒತ್ತಡವಿಲ್ಲ. ಆದರೂ ಎದುರಾಳಿಗಳ ಅದೇ ಸೋಪಾನವನ್ನು ಅದರೊಳಗೆ ಕಟ್ಟುವವರನ್ನು ನಾನು ಕಂಡಿದ್ದೇನೆ.

ಎದುರಾಳಿಯ ಮಾತು ಬಂದುದರಿಂದ, ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದಿರುವ ನಿದರ್ಶನದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1968ರಿಂದ 1973ರವರೆಗೆ ನಡೆದ ಅಶಿತ ನೊ ಜೋ ಎಂಬ ಮುಷ್ಟಿಯುದ್ಧದ ಕಥೆಯನ್ನು ಬರೆದವರು ಇಕ್ಕಿ ಕಾಜಿವಾರಾ, ಚಿತ್ರಿಸಿದವರು ತೆತ್ಸುಯಾ ಚಿಬಾ. ಬಾಲಾಪರಾಧಿಗಳ ಸೆರೆಯಲ್ಲಿ ನಾಯಕ ಜೋನ ಎದುರಿಗೆ ರಿಕಿಇಶಿ ಎಂಬವನು ಮೊದಲ ಬಾರಿ ಕಾಣಿಸಿಕೊಂಡಾಗ, ಅವನು ಮುಂದೆ ಪ್ರಧಾನ ಎದುರಾಳಿಯಾಗುವನೆಂಬುದನ್ನು ತಿಳಿಯದ ಚಿಬಾ ಅವನನ್ನು ಜೋನಿಗಿಂತ ಬಹಳ ಎತ್ತರವಾಗಿ ಬರೆದುಬಿಟ್ಟರು. ಆದರೆ ಮುಷ್ಟಿಯುದ್ಧದಲ್ಲಿ ತೂಕದ ನಿಯಮವುಂಟು. ಇಬ್ಬರೂ ಕಣದಲ್ಲಿ ಸೇರಬೇಕಾದರೆ ಒಬ್ಬನು ಇಳಿಯಲೇಬೇಕು. ಚಿತ್ರದಲ್ಲಿ ನುಸುಳಿದ ಆ ಅನನುಕೂಲವನ್ನು ಅವರು ಅಳಿಸಲಿಲ್ಲ. ಅದನ್ನೇ ಕಥೆಯ ಮೂಳೆಯನ್ನಾಗಿ ಮಾಡಿದರು. ರಿಕಿಇಶಿ ಅನ್ನವನ್ನು ತೊರೆಯುತ್ತಾನೆ, ನೀರನ್ನು ತೊರೆಯುತ್ತಾನೆ. ಒಂದು ರಾತ್ರಿ ದಾಹವನ್ನು ತಾಳಲಾರದೆ ನಲ್ಲಿಯ ಬಳಿಗೆ ಓಡುತ್ತಾನೆ. ಎಲ್ಲ ನಲ್ಲಿಗಳನ್ನೂ ತಂತಿಯಿಂದ ಬಿಗಿದಿದ್ದಾರೆ. ಅವನ ಹಿತೈಷಿಯಾದ ಯೋಕೋ ಮರುಗಿ ಒಂದು ಲೋಟ ಬಿಸಿನೀರನ್ನು ತಂದುಕೊಡುತ್ತಾಳೆ. ಅವನು ಅದನ್ನು ಕೈಯಲ್ಲಿ ಹಿಡಿದು, ಅವಳಿಗೆ ಕೃತಜ್ಞತೆಯನ್ನು ಹೇಳಿ, ನೆಲಕ್ಕೆ ಸುರಿಯುತ್ತಾನೆ. ಪಂದ್ಯವನ್ನು ಗೆಲ್ಲುತ್ತಾನೆ, ಗೆದ್ದು, ಜೋನತ್ತ ಕೈಚಾಚಿ, ಕುಸಿದು ಸಾಯುತ್ತಾನೆ. 1970ರ ಮಾರ್ಚ್ ತಿಂಗಳಲ್ಲಿ ಕವಿ ಶೂಜಿ ತೆರಾಯಾಮಾ ಮುಂದಾಳಾಗಿ ಪ್ರಕಾಶಕರ ಕಟ್ಟಡದಲ್ಲಿ ಈ ಕಲ್ಪಿತವ್ಯಕ್ತಿಗೆ ಅಂತ್ಯಸಂಸ್ಕಾರವನ್ನು ನಡೆಸಿದಾಗ ನೂರಾರು ಜನ ಬಂದು ಸೇರಿದರು. ಎದುರಾಳಿಯೆಂಬ ಸಾಧಾರಣ ರೂಢಿ ಇಲ್ಲಿ ಶೋಕವಾಗಿ ಪರಿಣಮಿಸಿತು. ಎದುರಾಳಿಗೆ ಒಂದು ದೇಹವಿತ್ತು, ಆ ದೇಹಕ್ಕೆ ಇಂತಿಷ್ಟು ತೂಕವಿತ್ತು; ಕಾರಣ ಅಷ್ಟೆ.

ಒಂದೇ ರೂಢಿ ಕೈಯಿಂದ ಕೈಗೆ ಸಾಗುತ್ತ ಆಳವಾಗುವುದನ್ನೂ ಕಾಣಬಹುದು. ದೈತ್ಯಯಂತ್ರದೊಳಗೆ ಕುಳಿತು ಅದನ್ನು ನಡೆಸುವ ಬಾಲಕನ ಕಥೆಯನ್ನು ನೋಡಿ: ಗೋ ನಗಾಯ್ ಅವರ 1972ರ ಮಜಿಂಗರ್ ಜೀ಼ಯಲ್ಲಿ ಯಂತ್ರವನ್ನು ನಿರ್ಮಿಸಿ ಬಿಟ್ಟುಹೋದವನು ಅಜ್ಜ, 1979ರ ಗಂಡಮ್‌ನಲ್ಲಿ ಅದರ ನಿರ್ಮಾಣದಲ್ಲಿ ತೊಡಗಿದವನು ತಂದೆ, ಹಿದೆಯಾಕಿ ಅನ್ನೋ 1995ರಲ್ಲಿ ನಿರ್ದೇಶಿಸಿದ ಇವಾಂಗೆಲಿಯನ್‌ನಲ್ಲಿ ಯಂತ್ರದೊಳಗೆ ತಾಯಿಯ ಆತ್ಮವೇ ಇದೆ. ಈ ಕೊನೆಯ ಕಥೆಯ ಹದಿನಾಲ್ಕು ವರ್ಷ ವಯಸ್ಸಿನ ಶಿಂಜಿ ಮೊದಲು ಏರಲಾರೆನೆನ್ನುತ್ತಾನೆ. ಆಗ ಅವನ ಬದಲಿಗೆ ಗಾಯಗೊಂಡ ಹುಡುಗಿಯೊಬ್ಬಳನ್ನು ಮಂಚದ ಮೇಲೆ ಮಲಗಿಸಿ ತರುತ್ತಾರೆ, ಎತ್ತಿ ಹಿಡಿದ ಅವನ ಅಂಗೈಗೆ ಅವಳ ರಕ್ತ ಅಂಟುತ್ತದೆ, ಅವನು ಏರುತ್ತಾನೆ. ರೂಢಿಯನ್ನು ಮುರಿದು ಹಾಕಬೇಕೆಂದು ಉಪದೇಶಿಸುವ ವಿಮರ್ಶಕರೊಡನೆ ನನಗೆ ಸಹಮತವಿಲ್ಲ. ಅನ್ನೋ ಅದನ್ನು ಮುರಿಯಲಿಲ್ಲ, ಮಗು ಏಕೆ ಯಂತ್ರವನ್ನು ಏರಬೇಕೆಂದು ಕೊನೆಯವರೆಗೂ ಕೇಳಿದರು. ತಕೆಹಿಕೋ ಇನೊಯೆ ಅವರ ಬ್ಯಾಸ್ಕೆಟ್‌ಬಾಲ್ ಕಥೆಯಾದ ಸ್ಲ್ಯಾಮ್ ಡಂಕ್‌ನಲ್ಲಿಯೂ, ಅಜೇಯವೆನಿಸಿದ ತಂಡವನ್ನು ಸೋಲಿಸಿದ ನಾಯಕನ ತಂಡ ಮುಂದಿನ ಪಂದ್ಯದಲ್ಲಿಯೇ ಸೋಲುತ್ತದೆ. ಬಳಲಿದ ತಂಡಕ್ಕೆ ಅದು ಸಹಜವಾದ ಗತಿ.

ಕನ್ನಡದಲ್ಲಿ ಬರೆಯುವ ತರುಣರು ಈ ಲೋಕದಿಂದ ಧಾರಾಳವಾಗಿ ತೆಗೆದುಕೊಳ್ಳಲಿ ಎಂಬುದೇ ನನ್ನ ಆಸೆ. ಅಲ್ಲಿ ಕಲಿಯತಕ್ಕ ಶಿಲ್ಪ ಅಪಾರವಾಗಿದೆ. ಆ ಹಸ್ತಪ್ರತಿಯನ್ನು ಬರೆದ ವಿದ್ಯಾರ್ಥಿನಿ ಈ ಸಭೆಯಲ್ಲಿದ್ದರೆ, ಅಥವಾ ಅಚ್ಚಾದ ಮೇಲೆ ಈ ಹೊತ್ತಗೆ ಅವಳ ಕೈಸೇರಿದರೆ, ಒಂದು ಕೋರಿಕೆಯುಂಟು. ತಾಯಿ, ನಿನ್ನ ಕಥೆಯನ್ನು ಇನ್ನೊಮ್ಮೆ ಬರೆ. ಹೊಸ ಹುಡುಗಿ ಬರಲಿ, ಮೊದಲ ದಿನವೇ ಬರಲಿ, ಅವಳ ಕೂದಲ ಮೇಲೆ ಏನಾದರೂ ಉದುರಲಿ. ಆದರೆ ನಮ್ಮ ಶಾಲೆಗಳು ತೆರೆಯುವುದು ಮೇ ಕೊನೆಯಲ್ಲಿ, ಇಲ್ಲವೆ ಜೂನಿನ ಮೊದಲಲ್ಲಿ. ಆ ಬೆಳಗ್ಗೆ ನಿನ್ನ ಊರಿನ ಶಾಲೆಯ ಗೇಟಿನ ಬಳಿ ಒಂದು ಗಳಿಗೆ ನಿಂತು, ಅಲ್ಲಿರುವ ಮರ ಯಾವುದು, ಅದರಿಂದ ಉದುರುವುದು ಏನು ಎಂಬುದನ್ನು ನೋಡಿಕೊಂಡು ಬಂದು ಬರೆ.