ಕರ್ಸರ್ ಸತ್ತಿದ್ದು ಕ್ವೆರಿ ನಿಧಾನ ಅಂತಲ್ಲ

ಮಾಂಗೋಡಿಬಿಯಿಂದ ಲಕ್ಷಾಂತರ ಡಾಕ್ಯುಮೆಂಟ್ ಓದಿ, ಒಂದೊಂದರ ಮೇಲೂ ಏನೋ ಕೆಲಸ ಮಾಡೋ ಸ್ಕ್ರಿಪ್ಟನ್ನ ರಾತ್ರಿ ಓಡಿಸಿಟ್ಟು ಮಲಗಿದ್ದೀರಿ. ಬೆಳಗ್ಗೆ ಎದ್ದು ನೋಡಿದ್ರೆ ಅರ್ಧಕ್ಕೇ ನಿಂತಿದೆ. ಲಾಗ್‌ನಲ್ಲಿ ‘ಕರ್ಸರ್ ನಾಟ್ ಫೌಂಡ್’, ಎರರ್ ಕೋಡ್ 43. ಸಾಮಾನ್ಯವಾಗಿ ಎಲ್ಲರ ಕೈಯೂ ಮೊದಲು ಹೋಗೋದು ಇಂಡೆಕ್ಸ್ ಕಡೆಗೆ. ಹಾಕಿ, ಬೇಡ ಅನ್ನಲ್ಲ. ಈ ಎರರ್ ಮಾತ್ರ ಅದರಿಂದ ಹೋಗಲ್ಲ.

ಇಲ್ಲಿ ಸರ್ವರ್ ಲೆಕ್ಕ ಇಡೋದು ನೀವು ಎಷ್ಟು ಹೊತ್ತಿಂದ ಏನೂ ಕೇಳದೆ ಸುಮ್ನಿದ್ದೀರಿ ಅಂತ. ಸೆಷನ್‌ಗೆ ಸೇರದ ಕರ್ಸರ್‌ಗೆ ಡೀಫಾಲ್ಟ್ ಆಗಿ 10 ನಿಮಿಷ. ಮದುವೆ ಪಂಕ್ತೀಲಿ, ಇವರು ಎದ್ದು ಹೋದ್ರು ಅಂದ್ಕೊಂಡು ಎಲೆ ಎತ್ತಿಬಿಡ್ತಾರಲ್ಲ, ಹಾಗೆ ಕರ್ಸರ್ ಎತ್ತಿಬಿಡುತ್ತೆ.

‘ಲೂಪ್ ಓಡ್ತಾನೇ ಇತ್ತಲ್ಲ’ ಅಂತೀರಾ? ಮಜಾ ಇರೋದೇ ಇಲ್ಲಿ. ಲೂಪ್‌ನಲ್ಲಿ ಒಂದೊಂದೇ ಬಂದ ಹಾಗೆ ಕಂಡ್ರೂ ಸರ್ವರ್ ಕಳಿಸೋದು ಕಂತು ಕಂತಾಗಿ. ಮೊದಲ ಬ್ಯಾಚ್‌ಗೆ 101 ಡಾಕ್ಯುಮೆಂಟ್. ಆಮೇಲಿನ ಬ್ಯಾಚ್‌ಗಳಿಗೆ ಎಣಿಕೆಯ ಮಿತಿ ಇಲ್ಲ, 16 ಎಂಬಿ ಆಗೋವರೆಗೂ ತುಂಬುತ್ತೆ. ಡಾಕ್ಯುಮೆಂಟ್ ಒಂದು ಕೆಬಿ ಇದ್ರೆ, ಒಂದೇ ಸಲಕ್ಕೆ ಸುಮಾರು 16,000! ಪ್ರತಿಯೊಂದಕ್ಕೂ ಹೊರಗಿನ ಎಪಿಐ ಕರೆದು 0.1 ಸೆಕೆಂಡ್ ಹೋಯ್ತು ಅನ್ನಿ. ಅದನ್ನೆಲ್ಲ ಮುಗಿಸಿ ಮುಂದಿನ ಬ್ಯಾಚ್ ಕೇಳೋ ಹೊತ್ತಿಗೆ 26 ನಿಮಿಷ ದಾಟಿರುತ್ತೆ. ಅಲ್ಲೀವರೆಗೂ ಸರ್ವರ್‌ಗೆ ನಿಮ್ಮ ಸುದ್ದಿಯೇ ಇಲ್ಲ. ನೂರು ಡಾಕ್ಯುಮೆಂಟ್ ಇಟ್ಕೊಂಡು ಟೆಸ್ಟ್ ಮಾಡಿದಾಗ ಎಲ್ಲ ಸರಿಯಾಗಿತ್ತಲ್ಲ, ಅದು ಮೊದಲ ಬ್ಯಾಚ್‌ನಲ್ಲೇ ಮುಗಿದುಹೋಗಿತ್ತು, ಅಷ್ಟೇ.

ಬ್ಯಾಚ್ ಸೈಜ್ 500 ಅಂತ ಕೊಡಿ. ಈಗ 50 ಸೆಕೆಂಡಿಗೊಮ್ಮೆ ಸರ್ವರ್ ಬಾಗಿಲು ತಟ್ತೀರಿ. ಓಡಾಟ ಜಾಸ್ತಿಯಾಗುತ್ತೆ ನಿಜ, ಆದ್ರೆ ಎಪಿಐಗೆ ಕಾಯೋ ಹೊತ್ತಿನ ಮುಂದೆ ಅದು ಲೆಕ್ಕಕ್ಕಿಲ್ಲ.

‘ನೋ ಕರ್ಸರ್ ಟೈಮೌಟ್’ ಅಂತಲೂ ಒಂದು ಆಪ್ಷನ್ ಇದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಕರ್ಸರ್ ಒಂದು ಸೆಷನ್‌ಗೆ ಸೇರಿದ್ದಾದ್ರೆ, ಆ ಸೆಷನ್ 30 ನಿಮಿಷ ಸುಮ್ನಿದ್ರೆ ಸರ್ವರ್ ಅದನ್ನ ಮುಚ್ಚಬಹುದು. ಅದರ ಜೊತೆಗೆ ಈ ಕರ್ಸರ್ ಕೂಡ ಹೋಗುತ್ತೆ.

ಇನ್ನು ನೆಟ್‌ವರ್ಕ್ ಕೈಕೊಟ್ರೆ ಯಾವ ಸೆಟ್ಟಿಂಗೂ ಕಾಯಲ್ಲ. ಅದಕ್ಕೇ ಅಂಡರ್‌ಸ್ಕೋರ್ ಐಡಿ ಪ್ರಕಾರ ಸಾರ್ಟ್ ಮಾಡಿ ಓದಿ, ಮುಗಿಸಿದ ಕೊನೇ ಐಡಿಯನ್ನ ಎಲ್ಲಾದ್ರೂ ಬರೆದಿಡಿ. ಮತ್ತೆ ಶುರು ಮಾಡುವಾಗ ಅದಕ್ಕಿಂತ ದೊಡ್ಡವನ್ನಷ್ಟೇ ಕೇಳಿ. ಕೆಲಸ ಮುಗಿದು, ಐಡಿ ಬರೆಯೋ ಮೊದಲೇ ಸ್ಕ್ರಿಪ್ಟ್ ಬಿದ್ರೆ ಆ ಒಂದು ಡಾಕ್ಯುಮೆಂಟ್ ಎರಡು ಸಲ ಓಡುತ್ತೆ. ಫೀಲ್ಡ್‌ಗೆ ಅದೇ ಮೌಲ್ಯವನ್ನ ಮತ್ತೆ ಬರೆಯೋದಾದ್ರೆ ಪರವಾಗಿಲ್ಲ. ಗ್ರಾಹಕರ ಖಾತೆಯಿಂದ ದುಡ್ಡು ಕಡಿತ ಮಾಡೋ ಕೆಲಸ ಆದ್ರೆ, ಒಂದೊಂದು ವಹಿವಾಟಿಗೂ ಬೇರೆ ಗುರುತು ಕೊಟ್ಟು, ಅದೇ ಗುರುತು ಮತ್ತೆ ಬಂದ್ರೆ ಎಪಿಐ ಕಡೆಯವರು ತಳ್ಳಿಹಾಕೋ ಹಾಗೆ ಮಾಡ್ಕೊಳ್ಳಿ.